ಜೋಲುಮೋರೆಯ ಹೂವು

ಈಸ್ಟರ್‌ಗೆ ಮುಂಚಿನ ಬುಧವಾರಗಳಂದು ನಮ್ಮ ಚರ್ಚಿನ ನೆಲಮಾಳಿಗೆಯಲ್ಲಿ ಸೂಪಿನ ಊಟ ಇರುತ್ತದೆ. ಆ ವರ್ಷದ ಒಂದು ಬುಧವಾರ ಸೂಪು ಮುಗಿದು ಸೇಬಿನ ಸಿಹಿ ಬಂತು. ಹೆಚ್ಚಿದ ಸೇಬಿನ ಮೇಲೆ ಕಂದುಸಕ್ಕರೆ, ಓಟ್ಸು, ಬೆಣ್ಣೆ ಕಲಸಿ ಉದುರಿಸಿ, ಗರಿಗರಿಯಾಗುವವರೆಗೆ ಬೇಯಿಸುವ ತಿಂಡಿ. ಮೊದಲ ಚಮಚ ಬಾಯಿಗಿಟ್ಟ ಪಾಸ್ಟರ ದವಡೆಯಿಂದ ಜಲ್ಲಿರಸ್ತೆಯಲ್ಲಿ ಟ್ರ್ಯಾಕ್ಟರ್ ಹೊರಳಿದಂಥ ಸದ್ದು ಹೊರಟಿತು. ಅವರು ನಿಲ್ಲಿಸಲಿಲ್ಲ, ಅಗಿದರು. ಆಮೇಲೆ ಅವರ ಹೆಂಡತಿ, ಆಮೇಲೆ ಉದ್ದ ಮೇಜಿನ ಈ ತುದಿಯಿಂದ ಆ ತುದಿಯವರೆಗೆ ಎಲ್ಲರೂ. ನೆಲಮಾಳಿಗೆಯಿಡೀ ಕರಕರ ಎನ್ನತೊಡಗಿತು. ಯಾರೂ ಉಗುಳಲಿಲ್ಲ, ಯಾರೂ ತಟ್ಟೆ ಪಕ್ಕಕ್ಕೆ ಸರಿಸಲಿಲ್ಲ. ಕೊನೆಗೆ ಪಾಸ್ಟರು ಒಂದು ಲೋಟ ನೀರು ಕುಡಿದು, "ಬೇರೆ ಥರ ಇದೆ," ಎಂದರು.

ಅಯೋವಾದ ನಮ್ಮ ಸೀಮೆಯಲ್ಲಿ ಇದಕ್ಕಿಂತ ಕಟುವಾದ ಟೀಕೆ ಇಲ್ಲ.

ಅದು ಮರಳು. ಜನ ಮರುಳೋ ಜಾತ್ರೆ ಮರುಳೋ ಎನ್ನುತ್ತಾರೆ. ಅಂದು ಎರಡೂ ಅಲ್ಲ, ಸಿಹಿಯೇ ಮರಳಾಗಿತ್ತು. ಅಡುಗೆಮನೆಯ ಮುಖ್ಯಸ್ಥೆ ಮಾರ್ವೆಲ್ ಚರ್ಚಿನ ಫ್ರಿಜ್ಜಿನಲ್ಲಿ ಒಂದು ಐಸ್‌ಕ್ರೀಮ್ ಡಬ್ಬಿ ಕಂಡಿದ್ದಳು. ಒಳಗೆ ಒದ್ದೊದ್ದೆಯಾದ, ಕಂದುಬಣ್ಣದ, ಪುಡಿಪುಡಿಯಾದ ಪದಾರ್ಥ. ನಮ್ಮೂರಲ್ಲಿ ಐಸ್‌ಕ್ರೀಮ್ ಡಬ್ಬಿಯೊಳಗೆ ಐಸ್‌ಕ್ರೀಮ್ ಒಂದನ್ನು ಬಿಟ್ಟು ಏನು ಬೇಕಾದರೂ ಇರಬಹುದು. ಯಾರೋ ಪುಣ್ಯಾತ್ಮರು ಸಕ್ಕರೆಪುಡಿ ಕಲಸಿಟ್ಟಿದ್ದಾರೆ ಎಂದುಕೊಂಡು ಆಕೆ ಧಾರಾಳವಾಗಿ ಉದುರಿಸಿದ್ದಳು.

ಮೇಜಿನ ಕೊನೆಯಲ್ಲಿದ್ದ ಆರ್ಡಿತ್ ಬ್ರಮೆಲ್‌ಗೆ ಮೊದಲ ತುತ್ತಿಗೇ ಗೊತ್ತಾಯಿತು. ಡಬ್ಬಿ ಅವಳದು, ಮರಳು ಅವಳದು, ಮರಳಿನೊಳಗಿದ್ದ ಕೋನ್‌ಫ್ಲವರ್ ಎಂಬ ಕಾಡುಹೂವಿನ ಬೀಜಗಳೂ ಅವಳವೇ. ಬಾಯಿ ಬಿಟ್ಟರೆ ಮಾರ್ವೆಲ್‌ಗೆ ಅವಮಾನ. ಹಾಗಾಗಿ ಬಾಯಿ ಮುಚ್ಚಿಕೊಂಡು ತಟ್ಟೆ ಖಾಲಿ ಮಾಡಿದಳು. ಇನ್ನೊಬ್ಬರ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು ಎಂದು ನಮ್ಮ ಚರ್ಚಿನಲ್ಲಿ ಆಗಾಗ ಬೋಧಿಸುತ್ತಾರೆ. ಅದನ್ನು ಇಷ್ಟು ಅಕ್ಷರಶಃ ಪಾಲಿಸಿದ್ದು ಅದೇ ಮೊದಲು.

ಬೀಜ ಚರ್ಚಿನ ಫ್ರಿಜ್ಜಿಗೆ ಯಾಕೆ ಹೋಯಿತು ಎನ್ನುವುದರಲ್ಲಿ ಆರ್ಡಿತ್‌ಳ ಇಡೀ ಸ್ವಭಾವವಿದೆ. ಅವಳು ನಮ್ಮೂರ ಶಾಲೆಯಲ್ಲಿ ಅಡುಗೆಯವಳಾಗಿದ್ದಳು. ಇಂದು ಊರಲ್ಲಿ ತಲೆ ನರೆತ ಎಷ್ಟೋ ಜನ ಅವಳ ಕೈಯ ಚಿಲಿ ಎಂಬ ಮಾಂಸದ ಸಾರು ಮತ್ತು ದಾಲ್ಚಿನ್ನಿ ರೋಲು ತಿಂದೇ ಬೆಳೆದವರು. ನಿವೃತ್ತಳಾದ ಮೇಲೂ ಕೈಕಾಲಿಗೆ ಆ ಸುದ್ದಿ ಮುಟ್ಟಿರಲಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡವಳು. ಕೂತರೆ ಮೇಜು ಒರೆಸುತ್ತಾಳೆ, ನಿಂತರೆ ಕಿಟಕಿ ಒರೆಸುತ್ತಾಳೆ, ಪ್ರಾರ್ಥನೆಯ ಹೊತ್ತಿನಲ್ಲಿ ಮುಂದಿನ ಬೆಂಚಿನ ಮೇಲಿನ ಧೂಳು ಬೆರಳಲ್ಲಿ ತೆಗೆಯುತ್ತಾಳೆ. ಗಂಡ ಡೆಲ್ಮರ್ ಬದುಕಿದ್ದಾಗ ಹೇಳುತ್ತಿದ್ದ, ಇವಳನ್ನು ಹೂಳಿದ ಮೇಲೂ ಪೆಟ್ಟಿಗೆಯ ಒಳಗಡೆ ಪಾಲಿಶ್ ಮಾಡಿಕೊಂಡಿರುತ್ತಾಳೆ ಎಂದು.

ಇಂಥವಳಿಗೆ ಬೇಕೆನಿಸಿದ್ದು, ಸುಮ್ಮನೆ ಬಿಟ್ಟರೆ ಮಾತ್ರ ಬೆಳೆಯುವ ಹೂವು.

ಊರಾಚೆ ಮೊದಲ ವಲಸೆಗಾರರ ಹಳೆಯ ಸ್ಮಶಾನವಿದೆ. ಸುತ್ತಲಿನ ನೆಲವೆಲ್ಲ ಜೋಳದ ಹೊಲವಾದಾಗಲೂ ಅಷ್ಟು ಜಾಗಕ್ಕೆ ನೇಗಿಲು ತಾಗಿರಲಿಲ್ಲ. ಮೇ ಕೊನೆಯಲ್ಲಿ ಆರ್ಡಿತ್‌ಳ ತಾಯಿ ಮಕ್ಕಳನ್ನು ಕರೆದುಕೊಂಡು ಹೋಗಿ ಸಮಾಧಿಗಳನ್ನು ಶುಚಿ ಮಾಡುತ್ತಿದ್ದಳು. ತಾಯಿಯೂ ಇದೇ ಜಾತಿ, ಕೈಗೆ ಸಿಕ್ಕಿದ್ದೆಲ್ಲ ಕಿತ್ತೆಸೆಯುವವಳು. ಆದರೆ ಅಜ್ಜಿಯ ಸಮಾಧಿಕಲ್ಲಿನ ಪಕ್ಕ ಒರಟು ಎಲೆಯ ಗಿಡದ ಗುಂಪೊಂದಿತ್ತು, ಅದನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಯಾಕೆ ಎಂದು ಕೇಳಿದರೆ, "ಅದರ ಪಾಡಿಗೆ ಅದಿರಲಿ," ಎನ್ನುತ್ತಿದ್ದಳಂತೆ. ತಾಯಿಯ ಬಾಯಲ್ಲಿ ಆ ಮಾತನ್ನು ಆರ್ಡಿತ್ ಇನ್ಯಾವುದರ ಬಗ್ಗೆಯೂ ಕೇಳಿರಲಿಲ್ಲ, ಸ್ವಂತ ಮಕ್ಕಳ ಬಗ್ಗೆ ಕೂಡ. ರಸ್ತೆ ಅಗಲ ಮಾಡುವಾಗ ಸ್ಮಶಾನದ ಆ ಅಂಚು ಹೋಗುತ್ತದೆಂದು ಗೊತ್ತಾದಾಗ ಆರ್ಡಿತ್ ಒಣಗಿದ ಹೂವಿನ ಮುಳ್ಳುಗುಬುಟುಗಳನ್ನು ಕತ್ತರಿಸಿ, ಬೀಜ ಬಿಡಿಸಿ ತಂದಿದ್ದಳು. ಆ ಚಳಿಗಾಲ ಯಂತ್ರಗಳು ಬಂದವು. ಅಲ್ಲಿನ ಗಿಡದಲ್ಲಿ ಉಳಿದದ್ದು ಅವಳ ಡಬ್ಬಿಯಲ್ಲಿದ್ದದ್ದು ಅಷ್ಟೆ.

ಗ್ರಂಥಾಲಯಕ್ಕೆ ಬಂದಿದ್ದ ಹೆಂಗಸೊಬ್ಬಳು ಜೇನು, ದುಂಬಿ, ಚಿಟ್ಟೆಗಳಿಗಾಗಿ ತೋಟ ಮಾಡುವ ಬಗ್ಗೆ ಭಾಷಣ ಮಾಡಿದ್ದಳು. ಈ ನೆಲದ ಬೀಜಕ್ಕೆ ಚಳಿಗಾಲ ಬೇಕು, ಒದ್ದೆ ಮರಳಲ್ಲಿ ಕಲಸಿ ತಣ್ಣಗಿಡಿ. ಆಮೇಲೆ ಬಿತ್ತಿ ಕಾಯಿರಿ. ಮೊದಲ ವರ್ಷ ನಿದ್ದೆ, ಎರಡನೆಯ ವರ್ಷ ತೆವಳು, ಮೂರನೆಯ ವರ್ಷ ಜಿಗಿತ. ಒಣಗಿದ ಕಾಂಡ ಕೀಳಬೇಡಿ, ಅದರೊಳಗೆ ಜೇನುಹುಳ ಮಲಗಿರುತ್ತದೆ. ಎಲೆ ಗುಡಿಸಬೇಡಿ, ಅದರಡಿ ಚಿಟ್ಟೆ ಇರುತ್ತದೆ. ಆರ್ಡಿತ್ ಇಷ್ಟನ್ನೂ ಕೇಳಿಸಿಕೊಂಡಳು. ಮುಂದೆ, ಮೊದಮೊದಲ ವರ್ಷ ಕಳೆಯನ್ನು ಆಗಾಗ ಎತ್ತರದಲ್ಲಿ ಸವರಿ ಸಸಿಗೆ ಬಿಸಿಲು ಬಿಡಿ ಎಂಬ ಮಾತು ಬರುವ ಹೊತ್ತಿಗೆ ಆಕೆ ಕೂರಲಾಗದೆ ಹಿಂದೆ ಹೋಗಿ ಕಾಫಿ ಕಪ್ಪುಗಳನ್ನು ತೊಳೆಯುತ್ತಿದ್ದಳು.

ಮನೆಯ ಫ್ರಿಜ್ಜಿನಲ್ಲಿಟ್ಟರೆ ಗಳಿಗೆಗೊಮ್ಮೆ ಬಾಗಿಲು ತೆಗೆದು ನೋಡುತ್ತಾಳೆ, ಬೀಜಕ್ಕೆ ಚಳಿಗಾಲದ ಬದಲು ನೆಗಡಿಯಾಗುತ್ತದೆ. ತನ್ನ ಕೈಗೆ ಸಿಗದಿರಲಿ ಎಂದೇ ಚರ್ಚಿನ ಫ್ರಿಜ್ಜಿನಲ್ಲಿಟ್ಟದ್ದು. ಊಟ ಮುಗಿದು ಎಲ್ಲರೂ ಹೋದ ಮೇಲೆ ಆಕೆ ಡಬ್ಬಿ ಹುಡುಕಿ ನೋಡಿದಳು. ತಳದಲ್ಲಿ ಒಂದು ಹಿಡಿ ಉಳಿದಿತ್ತು. ಎದೆಗವಚಿಕೊಂಡು ಮನೆಗೆ ತಂದಳು.

ವಸಂತ ಬಂದಾಗ ಮನೆಯ ಮುಂದಿನ ಹುಲ್ಲುಹಾಸನ್ನು ಕಿತ್ತು, ಸುತ್ತ ಕಲ್ಲು ಜೋಡಿಸಿ, ಆ ಹಿಡಿ ಬೀಜ ಬಿತ್ತಿದಳು. 'ದುಂಬಿಗಳಿಗೆ ಸ್ವಾಗತ' ಎಂದು ಬೋರ್ಡು ನೆಟ್ಟಳು. ದುಂಬಿಗಳು ಓದಿಕೊಂಡವೋ ಇಲ್ಲವೋ, ಕಳೆಗಳು ಓದಿಕೊಂಡವು. ಬೇಸಿಗೆಯ ನಡುವೆ ಮೊಣಕಾಲೆತ್ತರ ಬೆಳೆದು ನಿಂತವು. ಅವಳ ಮುಖದ ಕಳೆ ಇಳಿಯಿತು, ಅಂಗಳದ ಕಳೆ ಏರಿತು. ಎಳೆ ಸಸಿ ಯಾವುದು, ಕಳೆ ಯಾವುದು ತಿಳಿಯದೆ ಕೀಳುವಂತಿಲ್ಲ, ಕೀಳದೆ ಇರಲಾರಳು. ಒಂದೊಂದು ಸಸಿಯನ್ನು ಚಮಚದಲ್ಲಿ ಎಬ್ಬಿಸಿ, ಬೇರು ಬಂದಿದೆಯೇ ನೋಡಿ ಮತ್ತೆ ಮಲಗಿಸುತ್ತಿದ್ದಳು. ಹಾಗೆ ನೋಡಿಸಿಕೊಂಡವು ಮತ್ತೆ ಏಳಲಿಲ್ಲ. ಆಮೇಲೆ ತನ್ನ ಕೈಗೆ ತಾನೇ ಹೆದರಿ, ಎರಡು ಕೈಯನ್ನೂ ಏಪ್ರನ್ ಜೇಬಿನಲ್ಲಿಟ್ಟುಕೊಂಡು ಅಂಗಳದ ಸುತ್ತ ಶತಪಥ ಹಾಕುತ್ತಿದ್ದಳು.

ಪಕ್ಕದ ಮನೆ ಲೋವೆಲ್ ಸ್ಟೂವೆಯದು. ಶಾಲೆಯಲ್ಲಿ ಆರ್ಡಿತ್‌ಳ ಸಹಪಾಠಿ, ಈಗ ವಿಧುರ, ಊರ ಕೌನ್ಸಿಲಿನ ಸದಸ್ಯ. ಅವನ ಹುಲ್ಲುಹಾಸು ಸೈನ್ಯದ ಕ್ಷೌರ ಮಾಡಿಸಿಕೊಂಡಂತಿರುತ್ತದೆ. ಒಂದು ವಾರ ಉದ್ದುದ್ದ ಗೆರೆ, ಮುಂದಿನ ವಾರ ಅಡ್ಡಡ್ಡ ಗೆರೆ. ಬೇಲಿಯಾಚೆಯಿಂದ ಅವನ ಮಾತು ಶುರುವಾಯಿತು.

"ಆರ್ಡಿತ್, ನಿನ್ನ ಅಂಗಳ ಬೇರೆ ಥರ ಇದೆ."

"ಇನ್ನೂ ಮಲಗಿದಾವೆ ಲೋವೆಲ್."

"ಕಾಣ್ತಿದೆ. ಹೊದಿಕೆನೇ ಸ್ವಲ್ಪ ಜಾಸ್ತಿ ಆಯ್ತೇನೋ."

ಹುಲ್ಲು ಇಷ್ಟಕ್ಕಿಂತ ಎತ್ತರ ಬೆಳೆಯಬಾರದೆಂದು ಊರಲ್ಲಿ ನಿಯಮವಿದೆ. ದೂರು ಬಂತು. ಯಾರು ಕೊಟ್ಟರೆಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಕೌನ್ಸಿಲಿನ ಸಭೆಯಲ್ಲಿ ಆರ್ಡಿತ್ ಎದ್ದು ನಿಂತು, ಇದು ಕಳೆಯಲ್ಲ, ಅಜ್ಜಿಯ ಸಮಾಧಿಯ ಹೂವು, ಇನ್ನೆಲ್ಲೂ ಉಳಿದಿಲ್ಲ, ಮೂರನೆಯ ಬೇಸಿಗೆಗೆ ಅರಳುತ್ತದೆ ಎಂದಳು. ಲೋವೆಲ್ ಗಂಟಲು ಸರಿಮಾಡಿಕೊಂಡು ತಾನೇ ಪರಿಹಾರ ಸೂಚಿಸಿದ. ಮೂರನೆಯ ಬೇಸಿಗೆಯ ಜುಲೈ ನಾಲ್ಕರ ಸ್ವಾತಂತ್ರ್ಯ ದಿನದ ಮೆರವಣಿಗೆ ಅವಳ ಮನೆ ಮುಂದೆಯೇ ಹೋಗುತ್ತದೆ. ಅಷ್ಟರಲ್ಲಿ ಹೂವು ಕಂಡರೆ ಅದು ತೋಟ; ಕಾಣದಿದ್ದರೆ ಊರ ಖರ್ಚಿನಲ್ಲಿ ಹುಲ್ಲು ಹಾಕಿಸುವುದು. ಸಭೆ ಒಪ್ಪಿತು. ಹೊರಗೆ ಬಂದು ಇಬ್ಬರೂ ಮಳೆಯ ಬಗ್ಗೆ ಸೌಜನ್ಯದಿಂದ ಮಾತಾಡಿಕೊಂಡರು.

ಎರಡನೆಯ ಜೂನಿನಲ್ಲಿ, ಅಂಗಳಕ್ಕೆ ಕೈ ಹಾಕುವುದಿಲ್ಲ ಎಂದು ಶಪಥ ಮಾಡಿದ ಆರ್ಡಿತ್, ಆ ಚಡಪಡಿಕೆಯನ್ನು ಎಲ್ಲಾದರೂ ಇಳಿಸಬೇಕಲ್ಲ ಎಂದು ಏಣಿ ಹತ್ತಿ ಸೂರಿನ ನೀರುಕಾಲುವೆ ತೊಳೆಯತೊಡಗಿದಳು. ಚಡಪಡಿಕೆ ಇಳಿಯಲಿಲ್ಲ, ಅವಳೇ ಇಳಿದಳು, ಏಣಿಯ ನೆರವಿಲ್ಲದೆ. ಸೊಂಟದ ಮೂಳೆ ಮುರಿಯಿತು.

ದೊಡ್ಡಾಸ್ಪತ್ರೆಯ ಮಂಚದಲ್ಲಿ ಆಕೆಯನ್ನು ನೋವಿಗಿಂತ ಹೆಚ್ಚು ಕಾಡಿದ್ದು ಭಯ. ನಮ್ಮ ಕಡೆ ಒಬ್ಬರು ಕಾಯಿಲೆ ಬಿದ್ದರೆ ಊರು ಎರಡು ಕೆಲಸ ಮಾಡುತ್ತದೆ: ಮನೆಗೆ ಒವೆನ್‌ನಲ್ಲಿ ಬೇಯಿಸಿದ ಆಲೂಗಡ್ಡೆ ಕ್ಯಾಸರೋಲ್ ತಿಂಡಿ ತಲುಪಿಸುತ್ತದೆ, ಅಂಗಳದ ಹುಲ್ಲು ಕತ್ತರಿಸುತ್ತದೆ. ಕೇಳುವುದಿಲ್ಲ, ಹೇಳುವುದಿಲ್ಲ, ಬಂದು ಕತ್ತರಿಸುತ್ತದೆ. ಆಕೆ ಮಲಗಿದಲ್ಲೇ ಹಾಸಿಗೆಯ ಸುಕ್ಕು ತೆಗೆಯುತ್ತ, ನರ್ಸುಗಳ ಕೈಯಿಂದ ದಿಂಬಿನ ಚೀಲ ಕಿತ್ತುಕೊಂಡು ಮಡಿಸುತ್ತ, ಬಾಗಿಲನ್ನೇ ನೋಡುತ್ತಿದ್ದಳು. ಕೊನೆಗೆ ಬಾಗಿಲಿಗೆ ಲೋವೆಲ್ ಬಂದ. ಹ್ಯಾಟನ್ನು ತೊಡೆಯ ಮೇಲಿಟ್ಟುಕೊಂಡು ಕೂತು ಜೋಳದ ಎತ್ತರ, ಸೋಯಾ ದರ, ಪಾಸ್ಟರ ಹಲ್ಲುನೋವು ಎಲ್ಲ ಮುಗಿಸಿ ವಿಷಯಕ್ಕೆ ಬಂದ.

"ನಿನ್ನ ಅಂಗಳ ನಾನು ನೋಡ್ಕೋತೀನಿ."

"ಅಯ್ಯೋ, ಬೇಡ ಲೋವೆಲ್."

"ತೊಂದ್ರೆ ಏನಿಲ್ಲ. ಹೇಗೂ ನನ್ನ ಹುಲ್ಲಿನ ಮೆಷಿನ್ ಹೊರಗೆ ತೆಗ್ದಿರ್ತೀನಿ."

"ಬೇಡ. ನಿಜವಾಗ್ಲೂ ಬೇಡ."

"ಅಕ್ಕಪಕ್ಕದವರು ಅಂತ ಇರೋದು ಯಾಕೆ ಮತ್ತೆ?"

"ದಯವಿಟ್ಟು ಬೇಡ ಲೋವೆಲ್."

ಲೋವೆಲ್ ತೃಪ್ತಿಯಿಂದ ಎದ್ದು ಹ್ಯಾಟು ಹಾಕಿಕೊಂಡ. ಬೇಡ ಮೂರಾಗಿತ್ತು. ನಮ್ಮೂರಲ್ಲಿ ಕಾಫಿ ಬೇಕೇ ಎಂದರೂ ಎರಡು ಸಲ ಬೇಡ ಎಂದು ಮೂರನೆಯ ಸಲ ತೆಗೆದುಕೊಳ್ಳಬೇಕು. ಮೂರು ಸಲವೂ ಬೇಡ ಎಂದವರಿಗೆ ತುಂಬಾ ಬೇಕಾಗಿದೆ, ಪಾಪ ಸಂಕೋಚ, ಎಂದು ಅರ್ಥ. ದಯವಿಟ್ಟು ಎಂದು ಬೇರೆ ಸೇರಿಸಿದ್ದಳು. ನನ್ನ ಹೂವನ್ನೂ ಕತ್ತರಿಸಿಬಿಡುತ್ತೀಯ ಎಂದು ಬಾಯಿಬಿಟ್ಟು ಹೇಳಿದ್ದರೆ ಅದು ಅವನ ಮೇಲೆ ಸಂಶಯಪಟ್ಟಂತೆ. ಅದು ಅವಳಿಂದಾಗಲಿಲ್ಲ. ಅವನು ಹೋದ ಮೇಲೆ ಮಾರ್ವೆಲ್‌ಗೆ ಫೋನು ಮಾಡಿ, ಲೋವೆಲ್‌ಗೆ ಬೇಡವೆಂದು ಹೇಳು ಎಂದಳು. ಮಾರ್ವೆಲ್ ಹೋಗಿ ಹೇಳಿದಳು. ನಾಲ್ಕನೆಯ ಬೇಡ ಕೇಳಿ ಲೋವೆಲ್‌ಗೆ ಕಣ್ಣು ಒದ್ದೆಯಾಯಿತಂತೆ. ಮೆಷಿನ್ನಿನ ಬ್ಲೇಡಿಗೆ ಸಾಣೆ ಹಿಡಿಸಿಕೊಂಡು ಬಂದ.

ಪುಣ್ಯ ಮತ್ತು ಸೇಡು ಎರಡನ್ನೂ ಒಂದೇ ಮೆಷಿನ್ನಿನಲ್ಲಿ ಮುಗಿಸುವ ಅವಕಾಶ ಮನುಷ್ಯನಿಗೆ ಪದೇಪದೇ ಸಿಗುವುದಿಲ್ಲ. ಲೋವೆಲ್ ಹುಲ್ಲನ್ನೂ ಕತ್ತರಿಸಿದ, ಕಲ್ಲಿನ ಅಂಚಿನೊಳಗೂ ಹೋದ. ಕಲ್ಲಿಗೆ ತಾಗಿ ಬ್ಲೇಡು ಹಾಳಾದೀತೆಂದು ಅಲ್ಲಿ ಮಾತ್ರ ಮೆಷಿನ್ನನ್ನು ಮೇಲೆತ್ತಿ ಓಡಿಸಿದ. ಆರ್ಡಿತ್ ಊರುಗೋಲಿನ ಚೌಕಟ್ಟು ಹಿಡಿದು ಕಾರಿನಿಂದ ಇಳಿದಾಗ ಎರಡು ಅಂಗಳಕ್ಕೂ ಒಂದೇ ಗೆರೆ ಬಿದ್ದಿತ್ತು. ಲೋವೆಲ್ ಕೈಕಟ್ಟಿ ನಿಂತಿದ್ದ.

"ತುಂಬಾ ನೀಟಾಗಿದೆ ಲೋವೆಲ್," ಎಂದಳು ಆರ್ಡಿತ್. "ತುಂಬಾ ಉಪಕಾರ ಆಯ್ತು."

ಒಳಗೆ ಹೋಗಿ ಅವನ ಕಡೆಯ ಕಿಟಕಿಗೆ ಪರದೆ ಎಳೆದಳು. ಆ ಪರದೆ ವರ್ಷವಿಡೀ ತೆರೆಯಲಿಲ್ಲ. ಎದುರಾದಾಗ ಹವಾಮಾನದ ಮಾತು ನಿಲ್ಲಲಿಲ್ಲ. ಅವನು ಚಳಿ ಎಂದರೆ ಇವಳು ಹೌದು ಚಳಿ ಎನ್ನುತ್ತಿದ್ದಳು. ಆದರೆ ಕ್ರಿಸ್‌ಮಸ್‌ಗೆ ಕಳಿಸುತ್ತಿದ್ದ ದಾಲ್ಚಿನ್ನಿ ರೋಲು ಆ ವರ್ಷ ಹೋಗಲಿಲ್ಲ. ಲೋವೆಲ್‌ಗೆ ವಿಷಯ ತಲುಪಿತು.

ಸೊಂಟದ ದೆಸೆಯಿಂದ ಆಕೆ ಬೀದಿ ಕಡೆಯ ಕಿಟಕಿಯ ಮುಂದೆ ಕೂತೇ ಕಾಲ ಕಳೆಯಬೇಕಾಯಿತು. ಕಾಂಡ ಕೀಳಲಾರಳು, ಎಲೆ ಗುಡಿಸಲಾರಳು. ಕಿಟಕಿಯ ಗಾಜನ್ನು ಮಾತ್ರ ಎಷ್ಟು ಒರೆಸಿದಳೆಂದರೆ ಒಂದು ಹಕ್ಕಿ ಗಾಜಿದೆಯೆಂದೇ ತಿಳಿಯದೆ ಡಿಕ್ಕಿ ಹೊಡೆಯಿತು. ಹೊರಗೆ, ಕಳೆಯ ನೆರಳು ಹೋದ ಜಾಗದಲ್ಲಿ, ನೆಲಕ್ಕಂಟಿದ ಒರಟು ಎಲೆಗಳು ಬಿಸಿಲು ಕುಡಿದವು. ಮೆಷಿನ್ನಿನ ಬ್ಲೇಡು ಅವುಗಳ ತಲೆಯ ಮೇಲೆ ಹಾದುಹೋಗಿತ್ತು, ಅಷ್ಟೆ. ಲೋವೆಲ್ ತನಗೆ ಗೊತ್ತಿಲ್ಲದೆ ಗ್ರಂಥಾಲಯದ ಭಾಷಣದ ಉಳಿದರ್ಧವನ್ನು ನಡೆಸಿಕೊಟ್ಟಿದ್ದ.

ಮೂರನೆಯ ಮೇ ತಿಂಗಳಲ್ಲಿ ಕಾಂಡಗಳು ಎದ್ದವು. ಜೂನಿನಲ್ಲಿ ಮೊಗ್ಗು ಬಿಟ್ಟು, ತುದಿಯಲ್ಲಿ ಕಂದು ಮುಳ್ಳುಗುಬುಟು ಕಾಣಿಸಿಕೊಂಡಿತು, ಸುತ್ತ ತಿಳಿನೇರಳೆ ಎಸಳು. ಬೇರೆ ಹೂಗಳಂತೆ ಇದು ಎಸಳನ್ನು ಹರಡಿ ನಗುವುದಿಲ್ಲ. ಎಸಳು ಉದ್ದ, ಸಪೂರ, ಕೆಳಕ್ಕೆ ಜೋತುಬಿದ್ದಿರುತ್ತವೆ, ಒಗೆದು ಹಿಂಡದೆ ನೇತುಹಾಕಿದ ಬಟ್ಟೆಯ ಹಾಗೆ. ಅರಳಿದ ದಿನವೇ ಬಾಡಿದಂತೆ ಕಾಣುವ ಹೂವು. ದುಂಬಿಗಳಿಗೆ ಅದರಿಂದ ಬೇಸರವಿರಲಿಲ್ಲ. ಗುಬುಟಿನ ಮೇಲೆ ಕೂತು ಸುತ್ತು ಹಾಕುತ್ತಿದ್ದವು, ಒಂದೊಂದರ ಮೇಲೆ ಎರಡೆರಡು.

ಊರಿಗೆ ಬೇಸರವಿತ್ತು. ಹೋಗಿ ಬರುವವರೆಲ್ಲ ಕಾರು ನಿಧಾನಿಸಿ ಮರುಕದಿಂದ ನೋಡುತ್ತಿದ್ದರು. ಮಾರ್ವೆಲ್ ಬಂದು, ಪಾಪ, ಇಷ್ಟು ಕಷ್ಟಪಟ್ಟೆ, ಕೊನೇಲಿ ಹೀಗಾಯಿತಲ್ಲ ಎಂದು ಒಂದು ಕ್ಯಾಸರೋಲ್ ಇಟ್ಟು ಹೋದಳು, ಸತ್ತವರ ಮನೆಗೆ ಕೊಡುವ ಅಳತೆಯದು. ಆರ್ಡಿತ್ ಎಲ್ಲರಿಗೂ ಒಂದೇ ಉತ್ತರ ಕೊಟ್ಟಳು: ಅದು ಇರುವುದೇ ಹಾಗೆ, ತುಂಬಾ ಚೆಂದ ಇದೆ, ಇದಕ್ಕಿಂತ ಚೆಂದದ ಹೂವನ್ನು ನಾನು ಕಂಡಿಲ್ಲ.

ಅತಿ ಹೆಚ್ಚು ಕಂಗಾಲಾದವನು ಲೋವೆಲ್. ತಾನು ಕತ್ತರಿಸಿದ್ದರಿಂದಲೇ ಅವು ಸಾಯುತ್ತಿವೆ ಎಂದು ಅವನಿಗೆ ಖಾತ್ರಿಯಾಗಿತ್ತು. ಬೆಳಗ್ಗೆ ಆರ್ಡಿತ್ ಕಾಫಿ ಹಿಡಿದು ಕಿಟಕಿಗೆ ಬಂದರೆ ಅವನು ಪೈಪು ಎಳೆದುಕೊಂಡು ಬಂದು ಹೂಗಳಿಗೆ ನೀರು ಬಿಡುತ್ತಿದ್ದ. ಆಕೆ ಬಾಗಿಲಿಗೆ ಬಂದು ಹೇಳಿದಳು, ನೀರು ಬೇಡ, ಅವು ಚೆನ್ನಾಗಿಯೇ ಇವೆ. ನನ್ನ ಮನಸ್ಸು ನೋಯಬಾರದೆಂದು ಹೀಗೆ ಹೇಳುತ್ತಿದ್ದಾಳೆ ಎಂದುಕೊಂಡು ಲೋವೆಲ್ ಮರುದಿನ ಇನ್ನೂ ಬೇಗ ಬಂದ. ಅಡಿಗಟ್ಟಲೆ ಆಳಕ್ಕೆ ಬೇರಿಳಿಸಿ ಒಣನೆಲದಲ್ಲಿ ಬದುಕುವ ಗಿಡ ಅದು, ಕಾಲಡಿ ಕೆಸರಾದರೆ ಕೊಳೆಯುತ್ತದೆ. ಅವನ ಮನೆಯ ಕಡೆಯ ತುದಿಯಲ್ಲಿ ಎಲೆ ಹಳದಿಯಾಯಿತು, ಕಾಂಡವೊಂದು ಬುಡ ಮೆತ್ತಗಾಗಿ ಮಲಗಿತು. ಅದನ್ನು ನೋಡಿ ಲೋವೆಲ್ ಸಂಜೆಯೂ ನೀರು ಬಿಡತೊಡಗಿದ. ಆರ್ಡಿತ್ ಮನೆಯೊಳಗೆ ಊರುಗೋಲು ಕುಟ್ಟುತ್ತ ಬಾಗಿಲಿಗೂ ಕಿಟಕಿಗೂ ತಿರುಗಿದಳು. ಬೇಡ ಎಂಬ ಒಂದೇ ಮಾತು ಅವಳಲ್ಲಿತ್ತು. ಅದನ್ನು ಎಷ್ಟು ಸಲ ಹೇಳಿದರೂ ಆಚೆ ಕಡೆ ಬೇಕು ಎಂದೇ ಕೇಳಿಸುತ್ತಿತ್ತು.

ಜುಲೈ ನಾಲ್ಕು ಬಂತು. ಬೀದಿಯುದ್ದಕ್ಕೂ ಜನ ಮಡಚುಕುರ್ಚಿ ಹಾಕಿಕೊಂಡು ಮೆರವಣಿಗೆಗೆ ಕಾಯುತ್ತಿದ್ದರು. ಕೌನ್ಸಿಲಿನವರು ಹೂವು ನೋಡಿದ ಹಾಗೂ ಆಯಿತು, ಮೆರವಣಿಗೆ ನೋಡಿದ ಹಾಗೂ ಆಯಿತು ಎಂದು ಆರ್ಡಿತ್‌ಳ ಮನೆ ಮುಂದೆಯೇ ಕುರ್ಚಿ ಹಾಕಿದ್ದರು. ಊರಿನ ಅಗ್ನಿಶಾಮಕ ಗಾಡಿ ತಿರುವಿನಲ್ಲಿ ಗಂಟೆ ಬಾರಿಸಿತು. ಅಷ್ಟರಲ್ಲಿ ಲೋವೆಲ್ ಎಲ್ಲರೆದುರು ಪೈಪು ಎಳೆದುಕೊಂಡು ಬಂದ. ಕೌನ್ಸಿಲಿನ ಕಣ್ಣಿಗಾದರೂ ಹೂವು ಒಂದಿಷ್ಟು ತಲೆ ಎತ್ತಲಿ ಎಂಬ ಆಸೆ ಅವನ ಮುಖದಲ್ಲಿತ್ತು. ತಾನು ಒಡ್ಡಿದ ಪರೀಕ್ಷೆಯಲ್ಲಿ ಅವಳನ್ನು ಪಾಸು ಮಾಡಿಸಲು ಬಂದಿದ್ದ.

ಆರ್ಡಿತ್ ಊರುಗೋಲಿನಿಂದ ಪೈಪನ್ನು ನೆಲಕ್ಕೊತ್ತಿ ಹಿಡಿದಳು.

"ಬೇಡ ಲೋವೆಲ್."

"ಪರವಾಗಿಲ್ಲ ಆರ್ಡಿತ್, ಸ್ವಲ್ಪ—"

"ನನ್ನ ಬೇಡಗಳನ್ನ ಎಣಿಸ್ತಾ ಕೂರ್ಬೇಡ. ಬೇಡ ಅಂದ್ರೆ ಬೇಡ. ಆಸ್ಪತ್ರೆಲೂ ಬೇಡ ಅಂದಿದ್ದೆ. ಆಗ್ಲೂ ಬೇಡ ಅಂತಲೇ ಅರ್ಥ. ನೀನು ಕತ್ತರಿಸಿದ್ದಕ್ಕೆ ಅವು ಸಾಯ್ಲಿಲ್ಲ. ನೀನು ನೀರು ಹಾಕಿದ್ರೆ ಸಾಯ್ತಾವೆ."

ಕುರ್ಚಿಗಳಲ್ಲಿ ಕೂತವರು ತಂತಮ್ಮ ಬೂಟು ನೋಡಿಕೊಂಡರು. ಒಬ್ಬರ ಮುಖಕ್ಕೆ ನೇರವಾಗಿ ಹೀಗೆ ಹೇಳಿದ್ದನ್ನು ಆ ಬೀದಿ ಹಿಂದೆ ಕೇಳಿರಲಿಲ್ಲ. ಲೋವೆಲ್ ಹೋಗಿ ನಲ್ಲಿ ಮುಚ್ಚಿ ಬಂದ.

ಕೌನ್ಸಿಲಿನ ಅಧ್ಯಕ್ಷರು ಎದ್ದು ಹೂಗಳ ಹತ್ತಿರ ಬಗ್ಗಿದರು. ಒಂದು ದುಂಬಿ ಅವರ ಮೂಗಿನ ಪಕ್ಕದಲ್ಲೇ ಕೆಲಸ ಮುಂದುವರಿಸಿತು. ಅವರು ಮೂಗು ಹಿಂದೆಗೆದುಕೊಂಡು, "ಬೇರೆ ಥರ ಇದೆ," ಎಂದರು. ಇನ್ನೊಮ್ಮೆ ನೋಡಿ, "ಆದ್ರೆ ಹೂವೇ," ಎಂದರು. ಉಳಿದವರು ತಲೆಯಾಡಿಸಿದರು. ಅಷ್ಟರಲ್ಲಿ ಅಗ್ನಿಶಾಮಕ ಗಾಡಿಯಿಂದ ವಾಡಿಕೆಯಂತೆ ಮಿಠಾಯಿ ಎರಚತೊಡಗಿದರು. ಮಕ್ಕಳು ನುಗ್ಗಿದವು, ಸಭೆ ಅಲ್ಲಿಗೆ ಬರಖಾಸ್ತಾಯಿತು.

ಟ್ರ್ಯಾಕ್ಟರುಗಳ ಸಾಲು ಹಾದುಹೋಗುವಾಗ ಲೋವೆಲ್ ತನ್ನ ಕುರ್ಚಿಯನ್ನು ಬೇಲಿಯಾಚೆಯಿಂದ ತಂದು ಆರ್ಡಿತ್‌ಳ ಪಕ್ಕ ಹಾಕಿಕೊಂಡ. ಮೈತುಂಬ ಬೈಸಿಕೊಂಡ ಮೇಲೆ ಅವನಿಗೇನೋ ಹಗುರಾದ ಹಾಗಿತ್ತು. ಆರ್ಡಿತ್ ಕೈಗೆ ಕೆಲಸವಿಲ್ಲದೆ ಕುರ್ಚಿಯ ಪಟ್ಟಿಯ ನೂಲು ಕೀಳುತ್ತಿದ್ದಳು. ಇಬ್ಬರೂ ಹೂಗಳನ್ನು ನೋಡಿದರು. ಅವು ತಲೆ ತಗ್ಗಿಸಿಕೊಂಡೇ ಇದ್ದವು.

"ಇವತ್ತು ನೀನು ನಿಜ ಹೇಳೋ ದಿನ ಅಲ್ವಾ ಆರ್ಡಿತ್," ಎಂದ ಲೋವೆಲ್. "ಹಾಗಾದ್ರೆ ಇದನ್ನೂ ಹೇಳ್ಬಿಡು. ನಿಂಗೆ ಇವು ನಿಜವಾಗ್ಲೂ ಚೆಂದ ಕಾಣ್ತಾವಾ?"

ಆರ್ಡಿತ್ ನೂಲು ಕೀಳುವುದನ್ನು ನಿಲ್ಲಿಸಿ, ತಲೆಯನ್ನು ಆಚೆಗೊಮ್ಮೆ ಈಚೆಗೊಮ್ಮೆ ವಾಲಿಸಿ ನೋಡಿದಳು.

"ಇಲ್ಲ," ಎಂದಳು. "ನಂಗೂ ಬಾಡಿದ ಹಾಗೇ ಕಾಣ್ತಾವೆ."